ಎರಡು ಔನ್ಸಿನ ಲೆಕ್ಕ

ಕನ್ನಡದ ಕೆಲವು ಮಾತುಗಳು ಹಳ್ಳಿಯಿಂದ ಪೇಟೆಗೆ ಬರುವ ದಾರಿಯಲ್ಲಿ ಮರ್ಯಾದೆ ಕಳೆದುಕೊಂಡಿವೆ. 'ತಿಪ್ಪೆ' ಅಂಥದೊಂದು ಮಾತು. ಓದಲಾಗದ ಬರಹ ಕಂಡರೆ 'ತಿಪ್ಪೆಗೆ ಎಸೆಯಿರಿ' ಎನ್ನುತ್ತೇವೆ. ಯೋಗ್ಯತೆಗೆ ಮೀರಿದ ಆಸೆಯನ್ನು ಅಣಕಿಸಬೇಕಾದರೆ, ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡ ಹಾಗೆ ಎಂಬ ಗಾದೆಯನ್ನು ಎತ್ತಿ ಆಡುತ್ತೇವೆ. ಆದರೆ ಬೇಸಾಯಗಾರನ ಮನೆಯಲ್ಲಿ ಈ ಗಾದೆಯ ಅಣಕ ನಿಲ್ಲುವುದಿಲ್ಲ. ಅವನ ಮನೆಗೆ ಉಪ್ಪರಿಗೆ ಏಳುವುದಾದರೆ ಅದು ತಿಪ್ಪೆಯಿಂದಲೇ ಏಳಬೇಕು. ಹೆಣ್ಣು ಕೊಡುವವರು ಮೊದಲು ತಿಪ್ಪೆಯ ಗಾತ್ರ ನೋಡುತ್ತಿದ್ದರು ಎಂದು ಹಳಬರು ಹೇಳುವುದುಂಟು. ತಿಪ್ಪೆ ದೊಡ್ಡದಾಗಿದ್ದರೆ ಕೊಟ್ಟಿಗೆಯಲ್ಲಿ ದನ ಹೆಚ್ಚು, ಮನೆಯಲ್ಲಿ ದುಡಿಯುವ ಕೈ ಹೆಚ್ಚು, ಕಣಜದಲ್ಲಿ ಕಾಳು ಹೆಚ್ಚು ಎಂಬುದು ಅವರ ಲೆಕ್ಕ.

'ಗೊಬ್ಬರ' ಎಂಬ ಮಾತು ಹುಟ್ಟಿದ್ದೂ ದನದ ಹಟ್ಟಿಯಲ್ಲಿಯೇ. ಪ್ರಾಕೃತದಲ್ಲಿ ಈ ರೂಪ ಉಂಟು. ಹಿಂದಿಯ 'ಗೋಬರ್' ಇದರ ಹತ್ತಿರದ ನೆಂಟ. ಮೂಲದಲ್ಲಿ ಸೆಗಣಿಯನ್ನು ಹೇಳುತ್ತಿದ್ದ ಈ ಮಾತಿನ ಅಡಿಗೆ ಕ್ರಮೇಣ ಎಲೆ, ಬೂದಿ, ಎಲುಬಿನ ಪುಡಿ, ಕೊನೆಗೆ ಕಾರ್ಖಾನೆಯ ಬಿಳಿಯ ಹರಳು, ಎಲ್ಲವೂ ಬಂದು ಸೇರಿದವು. ಕಾರ್ಖಾನೆಯದಕ್ಕೆ 'ರಸಗೊಬ್ಬರ' ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಕಾವ್ಯಮೀಮಾಂಸೆ ಓದಿದವರನ್ನು ಒಂದು ಕ್ಷಣ ಗಲಿಬಿಲಿಗೊಳಿಸಿದರು. ಅಲ್ಲಿರುವುದು ಶೃಂಗಾರ ಕರುಣಗಳ ರಸವಲ್ಲ, ರಸಾಯನದ ರಸ. ಕೆಲವು ಕಡೆ ಹಳ್ಳಿಗರು ಅದನ್ನು 'ಸರ್ಕಾರಿ ಗೊಬ್ಬರ' ಎಂದು ಕರೆದದ್ದೂ ಉಂಟು. ಆ ಹೆಸರಿನಲ್ಲಿ ಒಂದು ವಿವೇಕವಿದೆ. ಒಂದು ಮನೆಯ ಗೊಬ್ಬರ, ಇನ್ನೊಂದು ಹೊರಗಿನಿಂದ ಬಂದ ಗೊಬ್ಬರ ಎಂಬ ಭೇದವನ್ನು ಅದು ಮರೆಯಗೊಡುವುದಿಲ್ಲ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಗೊಬ್ಬರದ ಗೊಡವೆ ಏಕೆ ಎಂದು ತಾವು ಕೇಳಬಹುದು. ಅನ್ನ ಉಣ್ಣುವವರೆಲ್ಲರಿಗೂ ಆ ಗೊಡವೆ ಇರಬೇಕು ಎಂಬುದು ನನ್ನ ಉತ್ತರ. ನಗರದಲ್ಲಿ ಕುಳಿತು ಉಣ್ಣುವವರಿಗಂತೂ ಅದು ಒಂದು ಕೈ ಹೆಚ್ಚಾಗಿಯೇ ಇರಬೇಕು. ಅದು ಹೇಗೆಂಬುದನ್ನು ಹೇಳಲು ಸ್ವಲ್ಪ ಸುತ್ತಿಕೊಂಡು ಬರಬೇಕಾಗುತ್ತದೆ.

17ನೆಯ ಶತಮಾನದ ಪೂರ್ವಾರ್ಧದಲ್ಲಿ ಬ್ರಸೆಲ್ಸಿನ ಕಡೆ ವಾನ್ ಹೆಲ್ಮಾಂಟ್ ಎಂಬ ವೈದ್ಯನಿದ್ದ. ಗಿಡವು ತನ್ನ ಮೈಯನ್ನು ಯಾವುದರಿಂದ ಕಟ್ಟಿಕೊಳ್ಳುತ್ತದೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. ಚೆನ್ನಾಗಿ ಒಣಗಿಸಿದ 200 ಪೌಂಡ್ ಮಣ್ಣನ್ನು ದೊಡ್ಡದೊಂದು ಕುಂಡದಲ್ಲಿ ತುಂಬಿ, 5 ಪೌಂಡ್ ತೂಗುವ ವಿಲೋ ಸಸಿಯನ್ನು ಅದರಲ್ಲಿ ನೆಟ್ಟು, ಐದು ವರ್ಷ ಬರಿಯ ನೀರನ್ನು ಎರೆದ. ಕೊನೆಗೆ ಮರ 169 ಪೌಂಡಿಗಿಂತ ತುಸು ಹೆಚ್ಚು ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿ ನೋಡಿದರೆ ಅದರಲ್ಲಿ ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸ್ ಮಾತ್ರ; ನಮ್ಮ ಇಂದಿನ ಲೆಕ್ಕದಲ್ಲಿ 57 ಗ್ರಾಂ. ಆದ್ದರಿಂದ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಈ ಪ್ರಯೋಗ ಅಚ್ಚಾಗಿ ಲೋಕಕ್ಕೆ ತಿಳಿಯಿತು.

ಅವನ ತಕ್ಕಡಿ ಸುಳ್ಳಾಡಲಿಲ್ಲ. ತೀರ್ಮಾನ ಮಾತ್ರ ಅರ್ಧ ದಾರಿಯಲ್ಲಿ ನಿಂತಿತು. ಮರದ ಮೈಯ ಬಹುಭಾಗ ಬರುವುದು ನೀರಿನಿಂದಲೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದಲೂ. 'ಗ್ಯಾಸ್' ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟವನು ಇದೇ ಹೆಲ್ಮಾಂಟ್. ಆದರೂ ತನ್ನ ಮರವನ್ನು ಒಂದು ಅನಿಲವೇ ಬೆಳೆಸುತ್ತಿದೆಯೆಂದು ಅವನಿಗೆ ಹೊಳೆಯಲಿಲ್ಲ. ಕಡಿಮೆ ಬಿದ್ದ ಎರಡು ಔನ್ಸನ್ನೂ ಅವನು ಗಣನೆಗೆ ತರಲಿಲ್ಲ. ಗೊಬ್ಬರದ ಕಥೆಯೆಲ್ಲ ಆ ಎರಡು ಔನ್ಸಿನ ಕಥೆ.

ಗೊಬ್ಬರ ಗಿಡದ ಊಟ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಮಾತು ಪೂರ್ತಿ ಸರಿಯಲ್ಲ. ಗಿಡ ತನ್ನ ಊಟವನ್ನು ಬಿಸಿಲಿನಲ್ಲಿ ತಾನೇ ಬೇಯಿಸಿಕೊಳ್ಳುತ್ತದೆ. ಆದರೆ ಅಡಿಗೆಗೆ ಪಾತ್ರೆ ಬೇಕು, ಒಲೆ ಬೇಕು, ಉಪ್ಪು ಬೇಕು. ಮಣ್ಣಿನಿಂದ ಬರುವ ಎರಡು ಔನ್ಸು ಇವನ್ನೆಲ್ಲ ಒದಗಿಸುತ್ತದೆ. ಗಿಡಕ್ಕೆ ಅತ್ಯಗತ್ಯವೆಂದು ವಿಜ್ಞಾನ ಗುರುತಿಸಿರುವ ಮೂಲವಸ್ತುಗಳು 17. ಇಂಗಾಲ, ಜಲಜನಕ, ಆಮ್ಲಜನಕ ಈ ಮೂರು ಗಾಳಿ ನೀರುಗಳಿಂದ ದೊರೆಯುತ್ತವೆ. ಉಳಿದ 14 ಮಣ್ಣಿನಿಂದ ಬರಬೇಕು. ಅವುಗಳಲ್ಲಿ ಹಿರಿಯ ಪಾತ್ರ ಸಾರಜನಕ, ರಂಜಕ, ಪೊಟ್ಯಾಸಿಯಂ ಈ ಮೂರರದು.

ಸಾರಜನಕ ಎಂಬ ಕನ್ನಡದ ಹೆಸರು ಬಹಳ ಸೊಗಸಾದದ್ದು. ಎಲೆಯ ಹಸುರು, ಕಾಳಿನ ಪ್ರೋಟೀನು ಎರಡಕ್ಕೂ ಅದೇ ಸಾರ. ಅದು ಸಾಲದೆ ಹೋದಾಗ ಗಿಡ ತನ್ನ ಹಳೆಯ ಎಲೆಗಳಿಂದ ಅದನ್ನು ಹಿಂದಕ್ಕೆ ಪಡೆದು ಚಿಗುರಿಗೆ ಕೊಡುತ್ತದೆ. ಆದಕಾರಣ ಹಳದಿಯಾಗುವುದು ಮೊದಲು ಕೆಳಗಿನ ಎಲೆ. ತಾವು ಉಪವಾಸವಿದ್ದು ಮಕ್ಕಳಿಗೆ ಬಡಿಸುವ ಹಿರಿಯರ ನೆನಪು ತರುವ ಕ್ರಮ ಇದು. ರಂಜಕ ಬೇರು ಬಿಡುವುದಕ್ಕೆ, ಕಾಳು ಕಟ್ಟುವುದಕ್ಕೆ, ಜೀವಕೋಶದ ಒಳಗೆ ಶಕ್ತಿಯನ್ನು ಅತ್ತಿತ್ತ ಸಾಗಿಸುವುದಕ್ಕೆ ಬೇಕು. ಪೊಟ್ಯಾಸಿಯಂ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಮುಚ್ಚುವ ಬಾಗಿಲುಕಾವಲಿನ ಕೆಲಸ ಮಾಡುತ್ತದೆ. ಅದು ಕಡಿಮೆಯಾದರೆ ಎಲೆಯ ಅಂಚು ಸುಟ್ಟಂತಾಗುತ್ತದೆ.

ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯಿದೆಯೋ ಅದೇ ಬೆಳೆಯ ಎತ್ತರವನ್ನು ನಿರ್ಣಯಿಸುತ್ತದೆ ಎಂಬ ನಿಯಮವನ್ನು ಮೊದಲು ಕಂಡವನು ಜರ್ಮನಿಯ ಸ್ಪ್ರೆಂಗೆಲ್. ಅದನ್ನು ಲೋಕಪ್ರಸಿದ್ಧಗೊಳಿಸಿದವನು ಅದೇ ದೇಶದ ಲೀಬಿಗ್. ಹತ್ತು ಸೇರು ಬೇಳೆ ತಂದಿಟ್ಟರೂ ಉಪ್ಪಿಲ್ಲದ ಮನೆಯಲ್ಲಿ ಸಾರು ಸಾರಾಗುವುದಿಲ್ಲ. ಇನ್ನೂ ಹತ್ತು ಸೇರು ಬೇಳೆ ಸುರಿದರೆ ಉಪ್ಪಿನ ಕೊರತೆ ತುಂಬುವುದೂ ಇಲ್ಲ. 2009ರಲ್ಲಿ ಕರ್ನಾಟಕ ಸರ್ಕಾರ 'ಭೂಚೇತನ' ಎಂಬ ಯೋಜನೆಯನ್ನು ಆರಂಭಿಸಿ ಮಳೆಯಾಧಾರಿತ ಹೊಲಗಳ ಮಣ್ಣಿನ ಪರೀಕ್ಷೆಯ ಮೇಲೆ ಸಲಹೆ ಕೊಡಲು ಹೊರಟಾಗ, ಹಲವು ಹೊಲಗಳಲ್ಲಿ ಕಂಡ ಕೊರತೆ ಗಂಧಕ, ಸತು, ಬೋರಾನ್‌ಗಳದು. ಅಂಥ ಹೊಲಕ್ಕೆ ಯೂರಿಯಾ ಮಾತ್ರವೇ ಹೊತ್ತು ಹಾಕುವುದೆಂದರೆ ಬೇಳೆಯ ಮೇಲೆ ಬೇಳೆ ಸುರಿದಂತೆ.

ಈಗ ಕಾಡನ್ನೂ ಹೊಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ. ಅಲ್ಲಿ ಎಲೆ ಮರದ ಬುಡಕ್ಕೇ ಬೀಳುತ್ತದೆ. ಹಕ್ಕಿಯೂ ಹುಲಿಯೂ ಅಲ್ಲಿಯೇ ಸತ್ತು ಮಣ್ಣಾಗುತ್ತವೆ. ಎರಡು ಔನ್ಸು ಮನೆಯೊಳಗೇ ಕೈ ಬದಲಾಯಿಸುತ್ತದೆ. ಹೊಲದ ಸ್ಥಿತಿ ಬೇರೆ. ಅಲ್ಲಿ ಗಾಡಿ ಬರುವುದೇ ಒಯ್ಯುವುದಕ್ಕೆ. ಒಂದು ಟನ್ ಬತ್ತವನ್ನು ಹುಲ್ಲಿನ ಸಮೇತ ಒಯ್ದರೆ ಅದರೊಡನೆ 15ರಿಂದ 20 ಕಿಲೋ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಒಯ್ದದ್ದನ್ನು ಮರಳಿಸದಿದ್ದರೆ ಹೊಲ ಬಡವಾಗುತ್ತದೆ. ಗೊಬ್ಬರವೆಂದರೆ ಹೊಲಕ್ಕೆ ನಾವು ಮಾಡುವ ಉಪಕಾರವಲ್ಲ. ಒಯ್ದ ಸಾಲವನ್ನು ತೀರಿಸುವ ರೀತಿ.

ನಮ್ಮ ಹಿರಿಯರು ಈ ಸಾಲವನ್ನು ನಾನಾ ಬಗೆಯಲ್ಲಿ ತೀರಿಸಿದರು. ಕೊಟ್ಟಿಗೆಯ ಗೊಬ್ಬರವಂತೂ ಇತ್ತು. ಬಯಲುಸೀಮೆಯಲ್ಲಿ ಕುರುಬರಿಗೆ ಕಾಳು ಕೊಟ್ಟು ರಾತ್ರಿ ಹೊತ್ತು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಂಡರು. ಬೇಸಗೆಯಲ್ಲಿ ಬತ್ತಿದ ಕೆರೆಯಿಂದ ಗೋಡುಮಣ್ಣು ಹೇರಿದರು. ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿದರು. ಮಲೆನಾಡಿನ ಅಡಕೆ ತೋಟಗಳಿಗೆ 'ಸೊಪ್ಪಿನ ಬೆಟ್ಟ' ಎಂಬ ಏರ್ಪಾಟೇ ಉಂಟು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಇದೆ. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಎಕರೆಯ ಹಸುರಿನ ಹಿಂದೆ ಒಂಬತ್ತು ಎಕರೆಯ ಎಲೆಯಿದೆ. ಹಿಂದಿನವರ ಗೊಬ್ಬರವೂ ಶೂನ್ಯದಿಂದ ಹುಟ್ಟಿದ್ದಲ್ಲ. ಬೆಟ್ಟದ ಸತ್ತ್ವ ತೋಟಕ್ಕೆ ಬಂತು, ಗೋಮಾಳದ ಸತ್ತ್ವ ಹೊಲಕ್ಕೆ ಬಂತು. ಹೊಸದಾಗಿ ಗಳಿಸಿದ್ದೆಂದರೆ ಹೆಚ್ಚಾಗಿ ದ್ವಿದಳ ಬೆಳೆಗಳಿಂದ. ಹುರುಳಿ, ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಅಣುಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ವಿಜ್ಞಾನ ಇದನ್ನು ಖಚಿತಪಡಿಸಿದ್ದು 1888ರಲ್ಲಿ. ರಾಗಿಯ ಸಾಲಿನ ನಡುವೆ ಅವರೆಯನ್ನೋ ತೊಗರಿಯನ್ನೋ ಅಕ್ಕಡಿ ಬಿತ್ತುವ ರೂಢಿ ಅದಕ್ಕಿಂತ ಹಳೆಯದು.

ಗೋಮಾಳ ಕುಗ್ಗಿ, ಉಣ್ಣುವ ಬಾಯಿ ಹೆಚ್ಚಾದಾಗ ಈ ಲೆಕ್ಕ ಸಾಲದಾಯಿತು. ಯೂರೋಪು ಈ ಇಕ್ಕಟ್ಟನ್ನು ನಮಗಿಂತ ಮೊದಲೇ ಕಂಡಿತು. 19ನೆಯ ಶತಮಾನದ ನಡುಗಾಲದಲ್ಲಿ ಅದು ಪೆರು ದೇಶದ ಚಿಂಚಾ ದ್ವೀಪಗಳಿಂದ ಕಡಲ ಹಕ್ಕಿಗಳ ಹಿಕ್ಕೆಯನ್ನು ಹಡಗುಗಟ್ಟಲೆ ತರಿಸಿಕೊಂಡಿತು. ಯುಗಯುಗಗಳಿಂದ ಕೂಡಿದ್ದ ಆ ಗುಡ್ಡಗಳು ಕೆಲವೇ ದಶಕಗಳಲ್ಲಿ ಕರಗಿದವು. ನಮ್ಮ ಉಸಿರಾಟದ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಗಿಡ ಅದನ್ನು ನೇರವಾಗಿ ಮುಟ್ಟಲಾರದು. 1909ರಲ್ಲಿ ಫ್ರಿಟ್ಸ್ ಹಾಬರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಅಧಿಕ ಒತ್ತಡದಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯಾ ಪಡೆದು ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ಬೆಳೆಸಿ, 1913ರಲ್ಲಿ ಓಪ್ಪಾವಿನಲ್ಲಿ ತಯಾರಿಕೆ ಆರಂಭವಾಯಿತು. ಮರುವರ್ಷವೇ ಯುದ್ಧ ಬಂದು, ಅದೇ ಅಮೋನಿಯಾ ಸಿಡಿಮದ್ದಿನ ಮೂಲವಾಯಿತು. 1915ರಲ್ಲಿ ರಣಭೂಮಿಯಲ್ಲಿ ವಿಷಾನಿಲ ಬಿಡಿಸಿದವನೂ ಅದೇ ಹಾಬರ್. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಅನ್ನ ಅವನ ವಿಧಾನದಿಂದ ಹುಟ್ಟಿದ ಸಾರಜನಕವನ್ನು ಅವಲಂಬಿಸಿದೆ ಎಂದು ತಿಳಿದವರು ಅಂದಾಜು ಮಾಡಿದ್ದಾರೆ. ಅನ್ನವೂ ಅಳಿವೂ ಒಂದೇ ಕೈಯಿಂದ ಬಂದ ಇಂಥ ಪಾತ್ರ ನಮ್ಮ ಪುರಾಣಗಳಲ್ಲಿಯೂ ವಿರಳ.

ನಮ್ಮ ದೇಶದಲ್ಲಿ ಮದರಾಸಿನ ಸಮೀಪದ ರಾಣಿಪೇಟೆಯಲ್ಲಿ 1906ರಲ್ಲಿಯೇ ಸೂಪರ್‌ಫಾಸ್ಫೇಟ್ ತಯಾರಾಗತೊಡಗಿತು. ಮೈಸೂರು ಸಂಸ್ಥಾನದ ಬೆಳಗೊಳ ಎರಡನೆಯ ಮಹಾಯುದ್ಧದ ಸುಮಾರಿನಲ್ಲಿ ಅಮೋನಿಯಂ ಸಲ್ಫೇಟ್ ತಯಾರಿಸಿತು. 1951ರಲ್ಲಿ ಸಿಂಧ್ರಿಯ ದೊಡ್ಡ ಕಾರ್ಖಾನೆ ಕೆಲಸ ಆರಂಭಿಸಿತು. 1976ರಲ್ಲಿ ಮಂಗಳೂರಿನ ಪಣಂಬೂರಿನದು. 1943ರ ಬಂಗಾಳದ ಕ್ಷಾಮವನ್ನು ಕಂಡಿದ್ದ ದೇಶಕ್ಕೆ ಇದು ಚಿಕ್ಕ ಮಾತಲ್ಲ. 1960ರ ದಶಕದಲ್ಲಿ ಬಂದ ಗಿಡ್ಡ ತಳಿಯ ಗೋಧಿ ಬತ್ತಗಳು ಹೆಚ್ಚು ಗೊಬ್ಬರ ಉಂಡೂ ಮಲಗದೆ ನಿಂತವು. ಹಡಗಿನ ಧಾನ್ಯಕ್ಕೆ ಕಾಯುತ್ತಿದ್ದ ನಾಡು ತನ್ನ ಅನ್ನ ತಾನು ಉಣ್ಣತೊಡಗಿತು. ರಸಗೊಬ್ಬರವನ್ನು ವಿಷವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ಇತಿಹಾಸವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಚೀಲದ ಸೆಳೆತವೂ ಸಹಜವೇ. ಇಂದಿನ ಯೂರಿಯಾ ಚೀಲ 45 ಕಿಲೋ ತೂಗುತ್ತದೆ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಎಂದರೆ ಸುಮಾರು 20 ಕಿಲೋ. ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ನೂರಕ್ಕೆ ಅರ್ಧ ಪಾಲು. ಒಂದು ಚೀಲಕ್ಕೆ ಸಮನಾಗಬೇಕಾದರೆ ನಾಲ್ಕು ಟನ್ ಗೊಬ್ಬರ ಬೇಕು. ಎತ್ತಿನ ಗಾಡಿಯಲ್ಲಿ ಎಂಟು ಹತ್ತು ಸಲ ಹೇರಬೇಕು. ಒಬ್ಬನು ಹೆಗಲ ಮೇಲೆ ಹೊತ್ತು ತರಬಲ್ಲದ್ದಕ್ಕಾಗಿ ಹತ್ತು ಗಾಡಿ ಹೊಡೆಯಿರಿ ಎಂದು ಪೇಟೆಯಲ್ಲಿ ಕುಳಿತು ಉಪದೇಶಿಸುವುದು ಸುಲಭ.

ಆದರೆ ಚೀಲ ಹೊತ್ತು ತಂದದ್ದೆಲ್ಲ ಬೆಳೆಗೆ ಸೇರುವುದಿಲ್ಲ. ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದಲ್ಲಿ ಅನೇಕ ವೇಳೆ ಅರ್ಧಕ್ಕಿಂತ ಕಡಿಮೆ ಬೆಳೆಗೆ ದಕ್ಕುತ್ತದೆ. ಉಳಿದದ್ದು ಅಮೋನಿಯಾ ಆಗಿ ಗಾಳಿಗೆ, ನೈಟ್ರೇಟ್ ಆಗಿ ಬಾವಿಯ ನೀರಿಗೆ ಹೋಗುತ್ತದೆ. ಈ ಸೋರಿಕೆಯನ್ನು ನಿಧಾನಗೊಳಿಸಲೆಂದೇ 2015ರಲ್ಲಿ ದೇಶದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಯಿತು. ಬೆಲೆಯ ನೀತಿಯೂ ರೈತನನ್ನು ಒಂದು ಕಡೆಗೆ ವಾಲಿಸಿತು. 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಕಟ್ಟನ್ನು ಸಡಿಲಿಸಿದರು. ಯೂರಿಯಾದ ಕಟ್ಟು ಹಾಗೆಯೇ ಉಳಿಯಿತು. ಅಗ್ಗವಾದದ್ದನ್ನು ಹೆಚ್ಚು ಸುರಿದರೆ ಅದು ರೈತನ ಅವಿವೇಕವೆನ್ನುವುದು ನ್ಯಾಯವಲ್ಲ.

ಹಾಗಾದರೆ ತಿಪ್ಪೆ ಮೇಲೋ, ಚೀಲ ಮೇಲೋ? ಈ ವ್ಯಾಜ್ಯಕ್ಕೆ ಒಂದು ಹೊಲ 180 ವರ್ಷಗಳಿಗೂ ಮೀರಿ ಸಾಕ್ಷಿ ನುಡಿಯುತ್ತಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1843ರಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿ ಬಿತ್ತಿ, ಒಂದು ಪಟ್ಟಿಗೆ ಏನೂ ಇಲ್ಲದೆ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಉಳಿದವಕ್ಕೆ ಬೇರೆ ಬೇರೆ ರಾಸಾಯನಿಕಗಳನ್ನು ಕೊಡುವ ಪ್ರಯೋಗ ಹೂಡಿದರು. ಅದು ಇಂದಿಗೂ ನಿಂತಿಲ್ಲ. ಏನೂ ಹಾಕದ ಪಟ್ಟಿ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸಿನಲ್ಲಿ ಬಡಬಡವಾಗಿ ಬೆಳೆಯುತ್ತ ಬಂದಿದೆ. ಸಮತೋಲದ ರಸಗೊಬ್ಬರ ಪಡೆದ ಪಟ್ಟಿ ಇಳುವರಿಯಲ್ಲಿ ಕೊಟ್ಟಿಗೆ ಗೊಬ್ಬರದ ಪಟ್ಟಿಗೆ ಸರಿದೊರೆಯಾಗಿ ನಿಂತಿತು. ಅಷ್ಟರಮಟ್ಟಿಗೆ ಚೀಲದ ವಾದ ಗೆದ್ದಿತು. ಆದರೆ ಮಣ್ಣನ್ನು ಪರೀಕ್ಷಿಸಿದಾಗ, ಕೊಟ್ಟಿಗೆ ಗೊಬ್ಬರ ಉಂಡ ಪಟ್ಟಿಯಲ್ಲಿ ಸಾವಯವ ಇಂಗಾಲ ಬರಿಯ ರಸಗೊಬ್ಬರದ ಪಟ್ಟಿಗಿಂತ ಎರಡು ಪಟ್ಟಿಗೂ ಮೀರಿತ್ತು. ಹೊಸ ತಳಿಗಳು ಬಂದ ಮೇಲೆ ಅತಿ ಹೆಚ್ಚು ಇಳುವರಿ ಕಂಡದ್ದು ಎರಡನ್ನೂ ಕೂಡಿಸಿ ಕೊಟ್ಟ ಕಡೆ. ಬೆಳೆ ಚೀಲಕ್ಕೂ ತಿಪ್ಪೆಗೂ ಭೇದವೆಣಿಸುವುದಿಲ್ಲ, ಮಣ್ಣು ಎಣಿಸುತ್ತದೆ. ನೀರನ್ನು ಹಿಡಿದಿಡುವ, ಎರೆಹುಳುವಿಗೆ ಮನೆಯಾಗುವ, ಉತ್ತಾಗ ಹುಡಿಯಾಗಿ ಅರಳುವ ಗುಣ ಆ ಇಂಗಾಲದ್ದು. ನಮ್ಮ ಬಿಸಿಲಿನಲ್ಲಿ ಅದು ಇಂಗ್ಲೆಂಡಿಗಿಂತ ಬೇಗ ಉರಿದುಹೋಗುವುದರಿಂದ ಮರಳಿಸುವ ಹೊಣೆಯೂ ನಮಗೆ ಹೆಚ್ಚು.

ನಗರದವರ ಪಾತ್ರ ಬರುವುದು ಇಲ್ಲಿಗೆ. ಹಳ್ಳಿಯ ರಾಗಿ, ಅಕ್ಕಿ, ತೊಗರಿ, ತರಕಾರಿ ದಿನಬೆಳಗಾದರೆ ಲಾರಿಯೇರಿ ಪೇಟೆಗೆ ಬರುತ್ತವೆ. ಹೊಲದ ಎರಡು ಔನ್ಸು ಅವುಗಳೊಳಗೆ ಕುಳಿತು ಬರುತ್ತದೆ. ಹಿಂದಿರುಗುವ ಲಾರಿಯಲ್ಲಿ ಅದು ಹೋಗುವುದಿಲ್ಲ. ಲಂಡನ್ ನಗರ ಹೊಲಗಳ ಸತ್ತ್ವವನ್ನು ಥೇಮ್ಸ್ ನದಿಯ ಮೂಲಕ ಕಡಲಿಗೆ ಎಸೆಯುತ್ತಿದೆಯೆಂದು ಲೀಬಿಗ್ 19ನೆಯ ಶತಮಾನದಲ್ಲಿಯೇ ಆಕ್ಷೇಪಿಸಿದ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ಹಬ್ಬಿದ ಜಲಕಳೆ ಯಾರೂ ಬಿತ್ತಿ ಬೆಳೆದದ್ದಲ್ಲ. ನಗರದ ಕೊಳೆನೀರಿನಲ್ಲಿ ಬಂದ ಸಾರಜನಕ ರಂಜಕಗಳನ್ನು ಉಂಡು ಬೆಳೆದದ್ದು. ರಾಗಿಯ ಹೊಲಕ್ಕೆ ಸಲ್ಲಬೇಕಾಗಿದ್ದ ಗೊಬ್ಬರ ಕೆರೆಗೆ ಬಿದ್ದು ಕಳೆಯಾಯಿತು.

ಇದೇ ಬೆಂಗಳೂರು ಒಮ್ಮೆ ಲೋಕಕ್ಕೆ ದಾರಿ ತೋರಿಸಿತ್ತು ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಮಗುಚುವ ಕೆಲಸವಿಲ್ಲದೆ ಆರೆಂಟು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಕೃಷಿಗ್ರಂಥಗಳಲ್ಲಿ ಅದರ ಹೆಸರೇ 'ಬೆಂಗಳೂರು ವಿಧಾನ'. ದೇಶದ ಎಷ್ಟೋ ಪುರಸಭೆಗಳು ಅದನ್ನು ಅನುಸರಿಸಿದವು. ಪೇಟೆ ತಿಂದದ್ದು ಹಳ್ಳಿಗೆ ಮರಳುವ ದಾರಿ ಅಲ್ಲಿ ತೆರೆದಿತ್ತು.

ಆದರೆ ಆ ದಾರಿಯನ್ನು ಕೇವಲ ಹೊಗಳಿ ಮುಗಿಸುವಂತಿಲ್ಲ. ಗುಂಡಿಯವರೆಗೆ ಮಲವನ್ನು ಹೊತ್ತವರು ಯಾರು? ಜಾತಿಯ ಹೆಸರಿನಲ್ಲಿ ಆ ಹೊರೆಯನ್ನು ಕೆಲವರ ತಲೆಯ ಮೇಲೆ ಹೊರಿಸಿದ್ದೆವು. ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರೆಂದು 1973ರಲ್ಲಿ ಬಿ. ಬಸವಲಿಂಗಪ್ಪನವರ ಮೇಲೆ ನಾಡೆಲ್ಲ ಕೋಲಾಹಲವೆದ್ದುದು ಸಾಹಿತ್ಯಾಸಕ್ತರಾದ ನಮಗೆ ಚೆನ್ನಾಗಿ ನೆನಪಿದೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಅದೇ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು ಎಂಬುದನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿಲ್ಲ. ಮುಂದೆ 1993ರಲ್ಲಿಯೂ 2013ರಲ್ಲಿಯೂ ದೇಶಕ್ಕೇ ಕಾನೂನು ಬಂದಿತು. ಮಣ್ಣಿನ ಸಾಲವನ್ನು ಮನುಷ್ಯನ ಮಾನವನ್ನು ತೆತ್ತು ತೀರಿಸಬಾರದು; ಆ ಪದ್ಧತಿ ಹೋದದ್ದು ಸರಿ. ಆದರೆ ಹೊರುವವರನ್ನು ಬಿಡಿಸಿದ ಮೇಲೆ ದಾರಿಯನ್ನೇ ಮುಚ್ಚಬೇಕಾಗಿರಲಿಲ್ಲ.

ದಾರಿಯನ್ನು ಹೊಸದಾಗಿ ತೆರೆಯಲು ಸಾಧ್ಯ ಎನ್ನುವುದಕ್ಕೆ ನಿದರ್ಶನ ಹತ್ತಿರದಲ್ಲಿಯೇ ಇದೆ. ದೇವನಹಳ್ಳಿಯಲ್ಲಿ 2015ರಲ್ಲಿ ಶೌಚಗುಂಡಿಗಳ ಕೆಸರನ್ನು ಟ್ಯಾಂಕರಿನಲ್ಲಿ ತಂದು ಶುದ್ಧೀಕರಿಸುವ ಘಟಕವನ್ನು ಸ್ಥಾಪಿಸಿದರು. ಒಣಗಿದ ಕೆಸರನ್ನು ಊರಿನ ಹಸಿ ಕಸದೊಡನೆ ಕೊಳೆಸಿ ಗೊಬ್ಬರ ಮಾಡುವ ವ್ಯವಸ್ಥೆ ಅದು. ಹೊರುವ ಕೆಲಸ ಯಂತ್ರದ್ದು. ಇಂಥ ಘಟಕಕ್ಕೂ ಒಂದು ಶತ್ರು ಉಂಟು: ನಮ್ಮ ಮನೆಯ ಕಸದ ಬುಟ್ಟಿ. ಆಚಾರ್ಯರ ಕಾಲದ ಕಸದಲ್ಲಿ ಎಲೆ, ಸಿಪ್ಪೆ, ಬೂದಿ ಇದ್ದವು. ಇಂದಿನದರಲ್ಲಿ ಬಾಳೆಯ ಸಿಪ್ಪೆಯ ಜೊತೆಗೆ ಪ್ಲಾಸ್ಟಿಕ್ ಚೀಲ, ಒಡೆದ ಬಲ್ಬು, ಬ್ಯಾಟರಿ ಎಲ್ಲವೂ ಕಲೆತಿರುತ್ತವೆ. ಹಾಗೆ ಕಲೆತದ್ದನ್ನು ಯಾವ ರೈತನೂ ಹೊಲದೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅದು ಗುಡ್ಡವಾಗಿ ಬೆಳೆಯುತ್ತದೆ. ಮಾವಳ್ಳಿಪುರದವರೂ ಮಂಡೂರಿನವರೂ ಆ ಗುಡ್ಡಗಳ ಕೆಳಗೆ ವರ್ಷಗಟ್ಟಲೆ ಬದುಕಿ, ಇನ್ನು ಸಾಕೆಂದು ಎದ್ದು ನಿಂತರು. 2012ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿಯೇ ಕಸ ರಾಶಿಬಿದ್ದಿತು. ನಮಗೆ ಅನ್ನ ಕಳಿಸಿದ ಹಳ್ಳಿಗಳಿಗೆ ನಾವು ಹಿಂದಿರುಗಿಸಿದ್ದು ಇಂಥದನ್ನು.

ಹಸಿ ಕಸವನ್ನು ಬೇರೆ ಇಡಿ ಎಂದು ನಗರಸಭೆ ಹೇಳಿದಾಗ ನಮಗೆ ಅದೊಂದು ಕಿರಿಕಿರಿಯಾಗಿ, ಹೆಚ್ಚೆಂದರೆ ನೈರ್ಮಲ್ಯದ ಪಾಠವಾಗಿ ಕೇಳಿಸುತ್ತದೆ. ಅದು ಬೇಸಾಯದ ಕೆಲಸವೆಂದು ತಿಳಿದರೆ ಕೈ ತಾನಾಗಿ ಎಚ್ಚರಗೊಂಡೀತು. ಸೌತೆಯ ಸಿಪ್ಪೆಯಲ್ಲಿ ಯಾವುದೋ ಊರಿನ ಹೊಲದ ಪೊಟ್ಯಾಸಿಯಂ ಇದೆ, ಹಳಸಿದ ಅನ್ನದಲ್ಲಿ ಯಾವುದೋ ಗದ್ದೆಯ ಸಾರಜನಕ. ಅಂಗಳವಿದ್ದವರು ಒಂದು ಗುಂಡಿ ತೋಡಬಹುದು. ಇಲ್ಲದವರು ಅದನ್ನು ಬೇರೆಯಾಗಿ ಕಟ್ಟಿ ಕಸದ ಗಾಡಿಗೆ ಕೊಡಬಹುದು. ಒಂದು ಮನೆಯಿಂದ ಒಂದು ದಿನಕ್ಕೆ ಮಣ್ಣಿಗೆ ಮರಳುವ ಸತ್ತ್ವ ಎರಡು ಔನ್ಸೂ ಆಗಲಾರದು. ಆದರೆ ಎಪ್ಪತ್ತೇಳು ಕಿಲೋ ತೂಗಿದ ಆ ವಿಲೋ ಮರ ಐದು ವರ್ಷದಲ್ಲಿ ಮಣ್ಣಿನಿಂದ ಪಡೆದದ್ದೂ ಅಷ್ಟನ್ನೇ.